ಗೊರಾಯಿಯಲ್ಲಿ ಇನ್ನೂ ಬಿಸಿಲಿತ್ತು

ಘಾಟ್ಕೋಪರ್ ಸ್ಟೇಷನ್ನಿನ ಪಶ್ಚಿಮಕ್ಕೆ ಮೆಟ್ರೋ ಮೆಟ್ಟಿಲಿಳಿದು ನಡೆದರೆ ಮೊದಲು ಸಿಗುವುದು ಜೆರಾಕ್ಸ್ ಅಂಗಡಿ, ಆಮೇಲೆ ಮೊಬೈಲ್ ಕವರಿನ ಅಂಗಡಿ. ಇವೆರಡರ ನಡುವಿನ ಸಂದಿಯಲ್ಲಿ, ಒಬ್ಬ ಕೂತರೆ ಇನ್ನೊಬ್ಬ ನಿಂತೇ ಇರಬೇಕಾದಷ್ಟು ಜಾಗದಲ್ಲಿ, ಹಾಶಿಮ ಭಾಯಿಯವರು ಇಪ್ಪತ್ತೆರಡು ವರ್ಷಗಳಿಂದ ಕ್ಯಾಮೆರಾ ರಿಪೇರಿ ಮಾಡುತ್ತಿದ್ದಾರೆ. ರಿಪೇರಿ ಈಗ ಅಷ್ಟಕ್ಕಷ್ಟೆ. ಎಲ್ಲರ ಜೇಬಿಗೂ ಫೋನು ಬಂದ ಮೇಲೆ ಕೆಡುವುದಕ್ಕಾದರೂ ಕ್ಯಾಮೆರಾ ಯಾರ ಹತ್ತಿರ ಇದೆ? ಹಾಗಾಗಿ ಹಳೆಯ ಕ್ಯಾಮೆರಾಗಳನ್ನು ಸರಿಮಾಡಿ ದಿನಕ್ಕಿಷ್ಟೆಂದು ಬಾಡಿಗೆಗೆ ಕೊಡುತ್ತಾರೆ. ಪಿಕ್ನಿಕ್ಕಿಗೆ ಹೊರಟ ಕಾಲೇಜು ಹುಡುಗರು, ಮಹಾಬಳೇಶ್ವರಕ್ಕೆ ಹೊರಟ ಹೊಸ ಜೋಡಿಗಳು, ಮಗುವಿನ ಹುಟ್ಟುಹಬ್ಬದವರು ಬರುತ್ತಾರೆ. ಕ್ಯಾಮೆರಾದ ಜೊತೆಗೆ ಒಂದು ಪಾಠವೂ ಸಿಗುತ್ತದೆ, ಬೇಕೆಂದರೂ ಸರಿ, ಬೇಡವೆಂದರೂ ಸರಿ.

ಆ ಪಾಠ ಹಾಶಿಮ ಭಾಯಿಯವರ ಪ್ರಾಣ. ಯಾರೂ ತನ್ನನ್ನು ನೋಡುತ್ತಿಲ್ಲ ಎಂದುಕೊಂಡು ಮನುಷ್ಯ ನಗುತ್ತಾನಲ್ಲ, ಆ ಹೊತ್ತಿನ ಫೋಟೋವನ್ನು ಈಗಿನವರು ಕ್ಯಾಂಡಿಡ್ ಎನ್ನುತ್ತಾರೆ. ಹಾಶಿಮ ಭಾಯಿ ಅದಕ್ಕೆ ‘ಬೇಖಬರ್ ಫೋಟೋ’ ಎಂದು ಹೆಸರಿಟ್ಟಿದ್ದಾರೆ. ಅವರ ಪ್ರಕಾರ ಲೋಕದಲ್ಲಿ ಎರಡೇ ಜಾತಿಯ ಫೋಟೋ: ಒಂದು ಬೇಖಬರ್, ಇನ್ನೊಂದು ರೇಷನ್ ಕಾರ್ಡಿನದು. ಇಂಡಿ ತಾಲ್ಲೂಕಿನ ಒಂದು ಹಳ್ಳಿಯಿಂದ ಹದಿನೇಳನೆಯ ವಯಸ್ಸಿನಲ್ಲಿ ಮುಂಬಯಿಗೆ ಬಂದು, ಫೋರ್ಟ್ ಪೇಟೆಯ ಒಬ್ಬ ಪಾರ್ಸಿ ಮುದುಕನ ಕೈಕೆಳಗೆ ಸ್ಕ್ರೂ ಬಿಚ್ಚುತ್ತ ಕೆಲಸ ಕಲಿತವರು ಅವರು. ಇಡೀ ಮದುವೆಯನ್ನು ರೋಲ್ ಹಾಕದ ಕ್ಯಾಮೆರಾದಲ್ಲಿ ‘ತೆಗೆದ’ ಫೋಟೋಗ್ರಾಫರ್ ಒಬ್ಬನ ಕತೆಯನ್ನು ಅವರು ನೂರು ಸಲವಾದರೂ ಹೇಳಿದ್ದಾರೆ, ಪ್ರತಿ ಸಲವೂ ತೊಡೆ ತಟ್ಟಿಕೊಂಡು ನಕ್ಕಿದ್ದಾರೆ. ಈಗ ಆ ಕತೆಯನ್ನು ಹೇಳುವುದಿಲ್ಲ. ಯಾರಾದರೂ ಜ್ಞಾಪಿಸಿದರೆ ಲೆನ್ಸ್ ಒರೆಸಲು ಬಟ್ಟೆ ಹುಡುಕುತ್ತಾರೆ.

ಅದಕ್ಕೆ ಕಾರಣ ಸೇವಂತಿ. ಕಾರಣ ಅವಳಲ್ಲ, ಅವಳಿಗೆ ಇವರು ಮಾಡಿದ್ದು.

ಅದು ಮೇ ತಿಂಗಳ ಒಂದು ಶನಿವಾರದ ಸಂಜೆ. ವಿಲೆ ಪಾರ್ಲೆಯ ಒಂದು ಆಫೀಸಿನಲ್ಲಿ ಕಸ ಗುಡಿಸಿ ನೆಲ ಒರೆಸುವ ಕೆಲಸ ಮುಗಿಸಿಕೊಂಡು ಮೆಟ್ರೋ ಇಳಿದ ಹೆಂಗಸೊಬ್ಬಳು ಅಂಗಡಿಯ ಮುಂದೆ ನಿಂತಳು. ಮೂವತ್ತೆಂಟರ ಆಸುಪಾಸು. ನೀಲಿ ಯೂನಿಫಾರ್ಮಿನ ಮೇಲೆ ದುಪಟ್ಟಾ ಹೊದ್ದಿದ್ದಳು. ಹರಕು ಮುರುಕು ಹಿಂದಿಯಲ್ಲಿ ಕ್ಯಾಮೆರಾ ಬೇಕು ಎಂದಳು. ಆಗಲೇ ಅವಳ ಫೋನು ಹೊಡೆದುಕೊಂಡಿತು. “ಹ್ಞಾಂ, ಬರ್ಲಕತ್ತೀನಿ, ಅನ್ನಕ್ಕಿಡು” ಎಂದು ಅವಳು ಮಾತಾಡಿದ್ದೇ ತಡ, ಹಾಶಿಮ ಭಾಯಿಯ ಕೈಯಲ್ಲಿದ್ದ ಸ್ಕ್ರೂ ಡ್ರೈವರ್ ಕೆಳಗಿಳಿಯಿತು.

“ಯಾವೂರವ್ವ ನಿಮ್ದು?”

“ಅಫಜಲಪುರ ಕಡಿ ರೀ.”

“ಅಲಲಾ! ನಾ ಇಂಡಿ ತಾಲೂಕಿನಾಂವ. ಭೀಮಾ ಹೊಳಿ ಆ ದಂಡಿ ನೀ, ಈ ದಂಡಿ ನಾ!”

ಮನೆಯಲ್ಲಿ ದಖನಿ ಉರ್ದು, ಅಂಗಡಿಯಲ್ಲಿ ಹಿಂದಿ, ಅಂಗಡಿಯ ಮಾಲೀಕನ ಹತ್ತಿರ ಮರಾಠಿ. ಕನ್ನಡ ಅವರ ನಾಲಿಗೆಗೆ ತಿಂಗಳಿಗೊಮ್ಮೆ ಸಿಕ್ಕರೆ ಹೆಚ್ಚು. ಹೊಳೆಯಾಚೆಯ ಹೆಣ್ಣುಮಗಳು ಸಿಕ್ಕಿದ್ದಕ್ಕೆ ಅವರು ಚಹಾ ತರಿಸಿದರು, ತಾವು ಕೂತಿದ್ದ ಸ್ಟೂಲು ಬಿಟ್ಟುಕೊಟ್ಟರು, ತಾವೇ ನಿಂತರು.

ಸೇವಂತಿಯ ಕತೆ ಸಣ್ಣದು. ಘಾಟ್ಕೋಪರಿನ ಗುಡ್ಡದ ಮೇಲೆ ಅವಳ ಖೋಲಿ. ಗಂಡ ಬಿಟ್ಟುಹೋಗಿ ಹತ್ತು ವರ್ಷ. ಸೊಲ್ಲಾಪುರದಲ್ಲಿರುವ, ಶ್ರೀಮಂತ ಎಂಬ ಹೆಸರಿನ ತಮ್ಮನ ಹೆಂಡತಿ ತೀರಿಕೊಂಡಾಗ, ಎರಡು ವರ್ಷದ ಕೂಸು ಸೋನಾಲಿಯನ್ನು ತಂದು ಸಾಕಿಕೊಂಡಿದ್ದಳು. ಈಗ ಕೂಸಿಗೆ ಎಂಟು. ತಮ್ಮ ಮತ್ತೆ ಮದುವೆಯಾಗಿದ್ದಾನೆ, ಮಗಳನ್ನು ಅಲ್ಲಿನ ಶಾಲೆಗೆ ಹಾಕುತ್ತಾನಂತೆ, ಮಂಗಳವಾರ ಬಂದು ಕರೆದುಕೊಂಡು ಹೋಗುತ್ತಾನೆ.

“ಅವನ ಮಗಳು, ಅಂವ ಒಯ್ತಾನ. ನಾ ಏನ್ ಅನ್ಲಿ?” ಎಂದಳು ಸೇವಂತಿ. “ನಾಳಿ ಗೊರಾಯಿ ಬೀಚಿಗೆ ಒಯ್ಯತೀನ್ರಿ. ಆರು ವರ್ಷದಾಗ ಒಂದಿನಾನೂ ಎಲ್ಲೂ ಒಯ್ದಿಲ್ಲ ಅದಕ್ಕ. ನನ್ನ ಫೋನಿನ ಕ್ಯಾಮೆರಾ ಒಡದದ. ಮತ್ತ ಅದಕ್ಕ ಫೋನ್ ಹಿಡದ್ರ ಎರಡು ಬಳ್ಳು ಎತ್ತಿ ಮಾರಿ ಸೊಟ್ಟ ಮಾಡ್ತದ. ನಂಗ ಅಂಥಾದು ಬ್ಯಾಡ. ಅದು ಮನ್ಯಾಗ ಹ್ಯಾಂಗ ಇರ್ತದೋ ಹಂಗ ಬೇಕು. ಗ್ವಾಡಿಗಿ ಹಾಕ್ಕೋತೀನಿ.”

ಬೇಖಬರ್ ಫೋಟೋ ಬೇಕೆಂದು ಬಾಯಿಬಿಟ್ಟು ಕೇಳುವ ಗಿರಾಕಿ ಹಾಶಿಮ ಭಾಯಿಗೆ ಸಿಗುವುದು ವರ್ಷಕ್ಕೊಬ್ಬರು. ಅವರು ಅಂಗಡಿಯ ಒಳ್ಳೆಯ ಕ್ಯಾಮೆರಾವನ್ನು, ದೂರದಿಂದ ತೆಗೆಯುವ ಉದ್ದ ಲೆನ್ಸಿನ ಸಮೇತ, ಮೇಲಿನ ಹಲಗೆಯಿಂದ ಇಳಿಸಿದರು. ಪಾಠ ಶುರುವಾಯಿತು.

“ಇಲ್ನೋಡವ್ವ, ಈ ಗಾಲಿ ಮ್ಯಾಲೆ ಕೆಂಪು ಟೇಪ್ ಹಚ್ಚೀನಿ, ಇದನ್ನ ತಿರುವಬ್ಯಾಡ. ಕಣ್ಣರೆಪ್ಪಿ ಮುಚ್ಚಿ ತೆರೆಯೂ ವೇಗ ಇದು. ಸೆಕೆಂಡನ್ನ ಐನೂರು ತುಂಡು ಮಾಡಿದ್ರ ಅದರಾಗ ಒಂದು. ಓಡೋ ಕೂಸಿಗೆ ಇಷ್ಟು ಬೇಕs ಬೇಕು. ನಿಧಾನ ಇಟ್ಟಿ ಅಂದ್ರ ಕೂಸು ಓಡಿಹೋಗಿರತೈತಿ, ಫೋಟೋದಾಗ ಬರೇ ಹೊಗಿ ಉಳಿದಿರತೈತಿ. ಬೆಳಕು ಹೆಚ್ಚುಕಮ್ಮಿ ಆದ್ರ ಅದs ನೋಡ್ಕೋತೈತಿ, ಆಟೋಮೆಟಿಕ್ ಇಟ್ಟೀನಿ. ಗುಂಡಿ ಒತ್ತಿ ಹಿಡಿ, ಟಕಟಕ ಅಂತ ನಾಕೈದು ಬರ್ತಾವ, ಅದರಾಗ ಒಂದು ಬಂಗಾರ ಇರತೈತಿ.”

“ಹತ್ರ ಹೋಗ್ಬೇಕೇನ್ರಿ?”

“ಎಲ್ಲಿ ಹತ್ರ! ಹತ್ತು ಮಾರು ದೂರ ಕೂಡು. ಉದ್ದ ಲೆನ್ಸ್ ಯಾಕ ಕೊಟ್ಟೀನಿ? ನಿಂತು ತಗೀಬ್ಯಾಡ, ಉಸುಕಿನಾಗ ಕುಂತು ತಗಿ, ಕೂಸಿನ ಕಣ್ಣು ಎಷ್ಟು ಎತ್ತರ ಐತಿ ಅಷ್ಟs ಎತ್ತರಕ್ಕ. ಸೂರ್ಯ ನಿನ್ನ ಹೆಗಲ ಹಿಂದಿರಲಿ. ಮೊಣಕೈ ಪಕ್ಕಡಿಗಿ ಹಚ್ಚು, ಹಿಂಗ.”

ಮೊಣಕೈ ಹೇಗೆ ಪಕ್ಕೆಗೆ ಒತ್ತಬೇಕೆಂದು ತೋರಿಸಲು ಎರಡೂ ಕೈ ಬೇಕಿತ್ತು. ಹಾಶಿಮ ಭಾಯಿ ಆಗತಾನೆ ಹಲ್ಲುಪುಡಿಯ ಹಳೆ ಡಬ್ಬಿಯಿಂದ ಒಂದು ಮೆಮೊರಿ ಕಾರ್ಡ್ ತೆಗೆದು ಕೈಯಲ್ಲಿ ಹಿಡಿದಿದ್ದರು. ಅದನ್ನು ಅಂಗಿಯ ಜೇಬಿಗೆ ಇಳಿಬಿಟ್ಟರು.

“ಒಳಗ ನೋಡಿದಾಗ ಕೆಳಗ ಸಣ್ಣ ಸಣ್ಣ ಅಕ್ಷರ ಮಿಣುಕತಾವ. ಅವು ನನ್ನಂಥಾ ಮಿಸ್ತ್ರಿಗೆ. ನೀ ತಲಿ ಕೆಡಿಸ್ಕೋಬ್ಯಾಡ, ಮಾರಿ ಅಷ್ಟs ನೋಡು. ಇನ್ನ ಕಡೀ ಮಾತು, ಇದು ಎಲ್ಲಾಕಿಂತ ದೊಡ್ಡದು. ತಗದಿದ್ದನ್ನ ಆಗಿಂದಾಗ ನೋಡಬ್ಯಾಡ. ನೀ ತಲಿ ಬಗ್ಗಿಸಿ ಪರದೆ ನೋಡೂದ್ರಾಗ ಕೂಸಿನ ನಗು ಮುಗದಿರತೈತಿ. ಅದಕ್ಕs ಪರದೆ ಬಂದ್ ಮಾಡಿಟ್ಟೀನಿ. ಬ್ಯಾಟ್ರಿನೂ ಉಳೀತೈತಿ. ಸೋಮವಾರ ಬಾ, ಇಲ್ಲೇ ಕುಂತು ಎಲ್ಲಾ ನೋಡೂಣು.”

ಹೀಗೆ ಮುಕ್ಕಾಲು ಗಂಟೆ. ಆಮೇಲೆ ಭೀಮಾ ಹೊಳೆಯ ಮಾತು, ಅಲ್ಲಿಂದ ಜೋಳದ ರೊಟ್ಟಿಯ ಮಾತು. ಸೇವಂತಿ ಕ್ಯಾಮೆರಾ ಚೀಲವನ್ನು ಕೂಸಿನಂತೆ ಎದೆಗವಚಿಕೊಂಡು ಹೋದಳು. ಹಾಶಿಮ ಭಾಯಿ ಹಳೆಯ ಸಿಳ್ಳೆಯೊಂದನ್ನು ಹಾಕುತ್ತ ಶಟರ್ ಎಳೆದರು.

ಇಲ್ಲೊಂದು ಮಾತು ಹೇಳಬೇಕು. ಕಾರ್ಡ್ ಇಲ್ಲದಿದ್ದರೆ ಕ್ಯಾಮೆರಾ ಕ್ಲಿಕ್ ಆಗುವುದಿಲ್ಲ, ಆಗದಂತೆ ತಡೆಯುವ ಸೆಟ್ಟಿಂಗ್ ಒಂದಿದೆ. ಅಂಗಡಿಯವರು ಅದನ್ನು ತೆಗೆದುಹಾಕಿರುತ್ತಾರೆ. ಗಿರಾಕಿ ಬಂದು ಎತ್ತಿ ನೋಡಿದಾಗ ಟಕ್ ಟಕ್ ಎನ್ನಬೇಕಲ್ಲ, ಪ್ರತಿಯೊಂದಕ್ಕೂ ಕಾರ್ಡ್ ಎಲ್ಲಿಂದ ತರುವುದು? ಬಾಡಿಗೆಗೆ ಕೊಡುವಾಗ ಹಾಶಿಮ ಭಾಯಿಗೆ ಒಂದು ಕ್ರಮವಿತ್ತು: ಕಾರ್ಡ್ ಹಾಕುವುದು, ಆ ತಡೆಯನ್ನು ಮತ್ತೆ ಹಚ್ಚುವುದು, ಗಿರಾಕಿಯ ಕೈಯಲ್ಲೇ ಒಂದು ಫೋಟೋ ತೆಗೆಸಿ ತೋರಿಸುವುದು. ಬಾಡಿಗೆ ಶುರುಮಾಡಿದಾಗಿನಿಂದ ಒಂದು ದಿನವೂ ತಪ್ಪಿರಲಿಲ್ಲ. ಹಿಂದಿಯಲ್ಲಿ, ಮರಾಠಿಯಲ್ಲಿ ತಪ್ಪಿರಲಿಲ್ಲ. ಕನ್ನಡದಲ್ಲಿ ತಪ್ಪಿತು.

ಭಾನುವಾರ ಮಧ್ಯಾಹ್ನದ ನಮಾಜಿನಲ್ಲಿ ಅವರು ಹಣೆಯನ್ನು ನೆಲಕ್ಕೆ ಹಚ್ಚಿದಾಗ ಜೇಬಿನಿಂದ ಏನೋ ಜಾರಿ ಚಾಪೆಯ ಮೇಲೆ ಬಿತ್ತು. ಅಂಚೆಚೀಟಿಯಷ್ಟಗಲದ ಕಪ್ಪು ಕಾರ್ಡು. ರಾತ್ರಿ ಕಳಚಿ ಮೊಳೆಗೆ ನೇತುಹಾಕಿದ್ದ ಅಂಗಿಯನ್ನೇ ಬೆಳಿಗ್ಗೆ ತೊಟ್ಟು ಬಂದಿದ್ದರು. ತಲೆ ಎತ್ತುವುದೇ ಮರೆತು ಹಾಗೇ ಇದ್ದುಬಿಟ್ಟರು. ಪಕ್ಕದಲ್ಲಿದ್ದವರು ಎದ್ದು ಕೂತರು, ಇವರು ಕಾರ್ಡು ನೋಡುತ್ತಲೇ ಇದ್ದರು. ಆ ನಮಾಜು ಮುಗಿಯಿತೋ ಇಲ್ಲವೋ ಅವರಿಗೆ ಗೊತ್ತಿಲ್ಲ.

ಹೊರಗೆ ಬಂದು ಚಪ್ಪಲಿ ಹುಡುಕುವ ಮೊದಲೇ ಸೇವಂತಿ ಕೊಟ್ಟುಹೋಗಿದ್ದ ನಂಬರಿಗೆ ಫೋನು ಹಚ್ಚಿದರು. ತಗುಲಲಿಲ್ಲ. ಅಂಗಡಿಗೆ ಬಂದು ಮತ್ತೆ ಹಚ್ಚಿದರು, ಆಗಲೂ ಇಲ್ಲ. ಮೂರು ಗಂಟೆಗೆ ರಿಂಗಾಯಿತು. ಗಾಳಿಯ ಸದ್ದು, ತೆರೆಯ ಸದ್ದು, ಹಿಂದೆ ಎಲ್ಲೋ ಒಂದು ಕೂಸು ಕಿರುಚಿ ನಗುವ ಸದ್ದು.

“ಕಾಕಾ! ನಾನs ಫೋನ್ ಮಾಡ್ಬೇಕಂತಿದ್ದೆ. ನೀವು ಹೇಳ್ದಂಗs ಮಾಡ್ಲಕತ್ತೀನಿ ನೋಡ್ರಿ. ಉಸುಕಿನಾಗ ಕುಂತು ಕುಂತು ಸೀರಿ ಎಲ್ಲಾ ಹಾಳಾಗ್ಯದ. ಒಂದೂ ಫೋಟೋ ನೋಡಿಲ್ಲ, ನಿಮ್ಮಾಣಿ! ಎಲ್ಲಾ ನಿಮ್ಮ ಮುಂದs ನೋಡೋದು. ಅದಕ್ಕ ನಾ ಎಲ್ಲಿದ್ದೀನಿ ಅಂತನs ಗೊತ್ತಿಲ್ಲ ಕಾಕಾ, ತನ್ನ ಪಾಡಿಗಿ ತಾ ಕುಣೀಲಕತ್ತದ!”

ಹಾಶಿಮ ಭಾಯಿ ಬಾಯಿ ತೆರೆದರು. ‘ಅವ್ವಾ, ಕಾರ್ಡ್ ಇಲ್ಲ ಅದರಾಗ’ ಎಂಬ ಮಾತು ನಾಲಿಗೆಯ ತುದಿಗೆ ಬಂದು ನಿಂತಿತ್ತು. ಮೇ ತಿಂಗಳು, ಏಳು ಗಂಟೆಯವರೆಗೂ ಬೆಳಕಿರುತ್ತದೆ. ಅಲ್ಲಿ ಯಾರನ್ನಾದರೂ ಕೇಳಿಕೊಂಡರೆ ಅವರ ಫೋನಿನಲ್ಲಾದರೂ ತೆಗೆದಾರು. ಇದೆಲ್ಲ ಅವರಿಗೆ ಗೊತ್ತಿತ್ತು. ಆದರೆ ಅಷ್ಟು ಹೊತ್ತು ಗುರುವಾಗಿ ಮೆರೆದವನು ಈಗ ‘ನಾನು ಪೆದ್ದ’ ಎನ್ನಬೇಕಿತ್ತು. ಅವಳ ನಗು ಕಿವಿಯಲ್ಲೇ ನಿಂತುಹೋಗುವುದನ್ನು ಕೇಳಬೇಕಿತ್ತು.

“ಅವ್ವಾ, ಬ್ಯಾಟ್ರಿ ಐತೇನು?” ಎಂದರು.

“ಅದರಿ! ಎರಡು ಕಡ್ಡಿ ತೋರಸ್ಲಕತ್ತದ.”

“ಹಂಗಾರ ತಗಿ” ಎಂದರು ಹಾಶಿಮ ಭಾಯಿ, ಫೋನು ಇಟ್ಟರು.

ಇರಲಿ, ಇವತ್ತೊಂದು ದಿನವಾದರೂ ಅವಳು ಸಂತೋಷವಾಗಿರಲಿ, ಹಾಳು ಮಾಡಬಾರದು ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡರು. ಮನುಷ್ಯ ತನ್ನ ಅಂಜಿಕೆಗೆ ಎಂಥೆಂಥ ಒಳ್ಳೆಯ ಹೆಸರು ಇಡುತ್ತಾನೆ ನೋಡಿ.

ಸೋಮವಾರ ಬೆಳಿಗ್ಗೆ ಕೆಲಸಕ್ಕೆ ಹೋಗುವ ಮೊದಲೇ ಸೇವಂತಿ ಬಂದಳು. ಮೂಗು, ಕೆನ್ನೆ ಬಿಸಿಲಿಗೆ ಕಪ್ಪಿಟ್ಟಿದ್ದವು. ಚೀಲದ ಮೂಲೆಯಲ್ಲಿ ಇನ್ನೂ ಉಸುಕಿತ್ತು. ಹಾಶಿಮ ಭಾಯಿ ಬೆನ್ನು ತಿರುಗಿಸಿ, ಬ್ಯಾಟರಿ ನೋಡುವವರಂತೆ ನಟಿಸಿ, ಕಾರ್ಡನ್ನು ಒಳಗೆ ತಳ್ಳಿದರು. ಆಮೇಲೆ ತಿರುಗಿ ಪರದೆಯನ್ನು ಅವಳ ಮುಂದೆ ಹಿಡಿದು ಗುಂಡಿ ಒತ್ತಿದರು. ಪರದೆ ಖಾಲಿ.

“ಇನ್ನೊಮ್ಮಿ ಒತ್ರಿ ಕಾಕಾ.”

ಒತ್ತಿದರು. ಖಾಲಿ.

ಸೇವಂತಿಯ ಮುಖದಲ್ಲಿ ಏನೋ ಲೆಕ್ಕ ನಡೆಯಿತು. ತನ್ನ ಬಲಗೈ ಹೆಬ್ಬೆರಳನ್ನು ತಾನೇ ನೋಡಿಕೊಂಡಳು. “ಬೀಚಿನಿಂದ ಬೋಟಿನಾಗ ತಿರುಗಿ ಬರೂವಾಗ ಹಿಂದಿನ ಗುಂಡಿ ಒತ್ತಿಬಿಟ್ಟಿದ್ದೆ ಕಾಕಾ. ಏನೋ ಅಕ್ಷರ ಬಂತು. ಅಂಜಿ ಇನ್ನೊಂದು ಒತ್ತಿದೆ. ಅದಕ್ಕs ಎಲ್ಲಾ ಅಳಿಸಿ ಹೋದ್ವೇನ್ರಿ?”

ತಪ್ಪಿಸಿಕೊಳ್ಳಲು ಬಾಗಿಲು ತಾನಾಗಿಯೇ ತೆರೆದುಕೊಂಡಿತ್ತು. ಹಾಶಿಮ ಭಾಯಿ ಅದರೊಳಗೆ ನುಸುಳಿಬಿಟ್ಟರು.

“ಹಂಗs ಆಗಿರಬೇಕವ್ವ.”

ಅಷ್ಟೇ ಮಾತು. ಅದನ್ನು ಹೇಳಲು ಉಸಿರೂ ಹೆಚ್ಚು ಬೇಕಾಗಲಿಲ್ಲ. ಸೇವಂತಿ ಅಳಲಿಲ್ಲ, ಹೆಬ್ಬೆರಳನ್ನು ಮುಷ್ಟಿಯೊಳಗೆ ಮುಚ್ಚಿಕೊಂಡಳು. ಏನಾದರೂ ಮಾಡಿ ತರಬಹುದೇ ಎಂದು ಕೇಳಿದಳು. ಕಂಪ್ಯೂಟರಿನಲ್ಲಿ ಹಾಕಿ ಹುಡುಕುತ್ತೇನೆ, ಒಮ್ಮೊಮ್ಮೆ ಸಿಗುತ್ತವೆ ಎಂದು ಹಾಶಿಮ ಭಾಯಿ ಎರಡನೆಯ ಸುಳ್ಳನ್ನೂ ಹೇಳಿದರು. ಬಾಡಿಗೆ ಬೇಡವೆಂದರು. “ನಮ್ಮ ಕಡಿ ಮಂದಿ ಅಂದ್ರ ಹಿಂಗಿರ್ಬೇಕು ನೋಡ್ರಿ. ದೇವ್ರು ನಿಮ್ಮ ಹೊಟ್ಟಿ ತಣ್ಣಗಿಡ್ಲಿ” ಎಂದು ಹೇಳಿ ಅವಳು ಮೆಟ್ರೋ ಹತ್ತಿದಳು. ಬೈದಿದ್ದರೆ ಬದುಕಿಕೊಳ್ಳುತ್ತಿದ್ದರು. ಆ ಹರಕೆ ಮಾತ್ರ ಹೊಟ್ಟೆಯೊಳಗೆ ಕಲ್ಲಿನಂತೆ ಕೂತಿತು.

ಆಮೇಲಿನ ದಿನಗಳಲ್ಲಿ ಸೇವಂತಿ ಕೆಲಸದಿಂದ ಬರುವಾಗ ಅಂಗಡಿಯ ಮುಂದೆ ನಿಂತು “ಸಿಕ್ಕವೇನ್ರಿ ಕಾಕಾ?” ಎಂದು ಕೇಳುತ್ತಿದ್ದಳು. “ನೋಡಾಕತ್ತೀನವ್ವ” ಎನ್ನುತ್ತಿದ್ದರು ಇವರು. ಏನನ್ನು ನೋಡುವುದು? ಎಂದೂ ಹುಟ್ಟದಿದ್ದದ್ದನ್ನು ಎಲ್ಲಿ ಹುಡುಕುವುದು? ವಾರ ಕಳೆದಂತೆ ಅವಳ ಮೆಟ್ರೋ ಬರುವ ಹೊತ್ತಿಗೆ ಹಾಶಿಮ ಭಾಯಿಗೆ ಅರ್ಜೆಂಟು ಕೆಲಸ ಬರತೊಡಗಿತು. ಸ್ಟೂಲನ್ನು ರಸ್ತೆಗೆ ಬೆನ್ನಾಗಿ ತಿರುಗಿಸಿ ಹಾಕಿಕೊಂಡರು. ಜೂನಿನಲ್ಲಿ ಮಳೆ ಹಿಡಿದಾಗ ಅವರಿಗೆ ಆದ ಸಂತೋಷ ಹೇಳತೀರದು. ಮಳೆಯಲ್ಲಿ ಯಾರು ನಿಂತು ಮಾತಾಡುತ್ತಾರೆ? ಗಿರಾಕಿ ಯಾರಾದರೂ “ಫೋಟೋ ಡಿಲೀಟ್ ಆಯಿತು” ಎಂದರೆ ಸಾಕು, ಅವರ ಮುಖ ಬಿಳಿಚಿಕೊಳ್ಳುತ್ತಿತ್ತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರ ಸಾಲಿಗೆ ಹಾಶಿಮ ಭಾಯಿಯೂ ಸೇರಿದ್ದರು.

ಹೆಂಡತಿ ನಜ್ಮಾಳ ಕಣ್ಣಿಗೆ ಇದು ಬೀಳದೆ ಇರಲಿಲ್ಲ. ಒಂದು ದಿನ ಗಂಡ ಅರ್ಧ ಊಟಕ್ಕೆ ಎದ್ದಾಗ ಕೈ ಹಿಡಿದು ಕೂರಿಸಿದಳು. ಹಾಶಿಮ ಭಾಯಿ ಒಂದೊಂದಾಗಿ ಎಲ್ಲ ಹೇಳಿದರು. ಕಾರ್ಡ್ ಮರೆತದ್ದು, ಫೋನು ಮಾಡಿದ್ದು, ಬ್ಯಾಟರಿ ಕೇಳಿದ್ದು, ಕೊನೆಯ ಆ ಮಾತು. ನಜ್ಮಾ ರೊಟ್ಟಿಯ ಬುಟ್ಟಿಗೆ ಬಟ್ಟೆ ಮುಚ್ಚುತ್ತ ಕೇಳಿಸಿಕೊಂಡಳು.

“ಕಾರ್ಡ್ ಭೂಲೇ ಸೋ ಗುನಾ ನೈ ಜೀ” ಎಂದಳು. “ಉಸ್ ಕೇ ಹಾತ್ ಪೋ ಡಾಲೇ ಸೋ ಗುನಾ.”

ಕಾರ್ಡ್ ಮರೆತದ್ದು ಪಾಪವಲ್ಲ, ಅವಳ ಕೈ ಮೇಲೆ ಹಾಕಿದ್ದು ಪಾಪ. ಹಾಶಿಮ ಭಾಯಿಗೆ ಇದು ಗೊತ್ತಿಲ್ಲದ ಮಾತೇನಲ್ಲ. ನಾಳೆಯೇ ಹೇಳುತ್ತೇನೆ ಎಂದರು. ಆ ನಾಳೆ ಬರಲು ಪಂಚಮಿ ಬರಬೇಕಾಯಿತು.

ನಾಗರಪಂಚಮಿಯ ಮರುದಿನ ಸಂಜೆ ಮಳೆ ಹೊಳವಾಗಿತ್ತು. ಬೆನ್ನು ತಿರುಗಿಸಿ ಕೂತಿದ್ದ ಹಾಶಿಮ ಭಾಯಿಯ ಹಿಂದೆ ಸ್ಟೀಲಿನ ಡಬ್ಬಿ ಇಟ್ಟ ಸದ್ದಾಯಿತು. ತಿರುಗಿದರೆ ಸೇವಂತಿ. ಮೊದಲಿಗಿಂತ ಸೊರಗಿದ್ದಳು.

“ಪಂಚಮಿ ಉಂಡಿ ರೀ. ಶೇಂಗಾದ್ದು, ಎಳ್ಳಿಂದು. ಮನಿಯಾಗ ತಿನ್ನವ್ರು ಯಾರದಾರ? ಮಾಡೋದು ಬ್ಯಾಡಂತಿದ್ದೆ. ನೀವು ಅಷ್ಟು ಮಾಡ್ಲಕತ್ತೀರಿ ನನ್ನ ಸಲುವಾಗಿ, ನಿಮಗರ ಕೊಡ್ಬೇಕಂತ ಮಾಡ್ದೆ.”

“ಕೂಸು ಹ್ಯಾಂಗೈತವ್ವ?” ಎಂದರು ಹಾಶಿಮ ಭಾಯಿ. ಏನಾದರೂ ಕೇಳಬೇಕಲ್ಲ.

ಸೇವಂತಿ ಸ್ವಲ್ಪ ಹೊತ್ತು ಡಬ್ಬಿಯ ಮುಚ್ಚಳ ತಿರುಗಿಸುತ್ತ ನಿಂತಳು. “ಫೋನಿಗಿ ಬರೋದಿಲ್ರಿ ಅದು. ಹೋಗಿ ಎರಡೂವರಿ ತಿಂಗಳಾತು, ಒಂದು ಮಾತಾಡಿಲ್ಲ ನನ್ನ ಜೋಡಿ. ಹೋಗೋ ದಿನ ಕೇಳ್ತು, ಬೀಚಿಂದು ಫೋಟೋ ಎಲ್ಲಿ ಅಂತ. ನನ್ನ ಕೈಲಿಂದ ಅಳಿಸಿ ಹೋದ್ವು ಅಂದೆ. ಸುಳ್ಳು ಹ್ಯಾಂಗ ಹೇಳ್ಲಿ ಕೂಸಿಗಿ? ಈಗ ಅವರಪ್ಪಗ ಅಂತದಂತ, ಅತ್ತಿಗಿ ನಾ ಬ್ಯಾಡಾಗೀನಿ, ಅದಕ್ಕs ಮನಿಲಿಂದ ಕಳಸ್ಯಾಳ, ಫೋಟೋನೂ ಅಳಿಸ್ಯಾಳ ಅಂತ.”

ಅವಳು ಬಲಗೈ ಎತ್ತಿ ತೋರಿಸಿದಳು. “ಈ ಕೈ ಕಡ್ದು ಒಗೀಬೇಕು ಅನಸ್ತದ್ರಿ ಕಾಕಾ. ಆಫೀಸಿನಾಗ ಲಿಫ್ಟಿನ ಬಟನ್ ಒತ್ಲಿಕ್ಕೂ ಅಂಜಿಕಿ ಬರ್ಲಕತ್ತದ.”

ಬಿಸಿ ತುಪ್ಪವನ್ನು ನುಂಗಲೂ ಆಗದೆ ಉಗುಳಲೂ ಆಗದೆ ಹಾಶಿಮ ಭಾಯಿ ಎಪ್ಪತ್ತೈದು ದಿನ ಕಳೆದಿದ್ದರು. ಅದು ತಮ್ಮ ಬಾಯನ್ನಷ್ಟೇ ಸುಡುತ್ತಿದೆ ಎಂದುಕೊಂಡಿದ್ದರು. ಅಲ್ಲಿ ಸೊಲ್ಲಾಪುರದಲ್ಲಿ ಎಂಟು ವರ್ಷದ ಕೂಸೂ ಸುಡುತ್ತಿತ್ತು. ಅವರು ಎದ್ದು ನಿಂತರು. ಎದ್ದದ್ದು ಯಾಕೆಂದು ತಿಳಿಯದೆ ಮತ್ತೆ ಕೂತರು.

“ಸೇವಂತೆವ್ವ, ನೀ ಏನೂ ಅಳಿಸಿಲ್ಲ. ಕ್ಯಾಮೆರಾದಾಗ ಕಾರ್ಡs ಇರಲಿಲ್ಲ. ಹಾಕೂದು ನಾ ಮರತಿದ್ದೆ. ಸೋಮವಾರ ನೀ ಬಂದಾಗ ಬೆನ್ನು ತಿರುವಿ ಹಾಕಿದೆ. ನೀ ಒತ್ತಿದ್ದಕ್ಕ ಅಳಿಸಿರಬೇಕು ಅಂತ ಸುಳ್ಳು ಹೇಳಿದೆ. ಹುಡುಕಾಕತ್ತೀನಿ ಅಂದಿದ್ದೂ ಸುಳ್ಳು.”

ರಸ್ತೆಯಲ್ಲಿ ರಿಕ್ಷಾಗಳು ಹಾರ್ನ್ ಹೊಡೆಯುತ್ತಿದ್ದವು. ಸೇವಂತಿ ಕೌಂಟರಿನ ಅಂಚನ್ನು ಹಿಡಿದುಕೊಂಡಳು. ಹಾಶಿಮ ಭಾಯಿ ಬೈಗುಳಕ್ಕೆ ತಲೆ ಬಗ್ಗಿಸಿ ಕಾದರು. ಬೈಗುಳ ಬರಲಿಲ್ಲ. ಅವಳು ಫೋನು ತೆಗೆದು ನಂಬರ್ ಒತ್ತಿದಳು, ಅದೇ ಹೆಬ್ಬೆರಳಿನಿಂದ. ಸ್ಪೀಕರ್ ಹಚ್ಚಿದಳು.

“ಶ್ರೀಮಂತಾ, ಸೋನಾಲಿಗಿ ಕೊಡು. ನಾ ಅಲ್ಲ ಅಂತ ಹೇಳು. ಕ್ಯಾಮೆರಾ ಅಂಗಡಿ ಕಾಕಾ ಮಾತಾಡ್ತಾರ ಅಂತ ಹೇಳು.” ಆಮೇಲೆ ಫೋನನ್ನು ಹಾಶಿಮ ಭಾಯಿಯ ಮುಂದೆ ಹಿಡಿದಳು. “ಈಗ ನನಗ ಹೇಳಿದ್ರಲ್ಲ, ಅದನ್ನs ಅದಕ್ಕ ಹೇಳ್ರಿ.”

ಆ ಕಡೆ ಸಣ್ಣ ದನಿ ಬಂತು. “ಹಲೋ?” ಮುಂಬಯಿಯಲ್ಲಿ ಬೆಳೆದ ಕೂಸು, ಕನ್ನಡ ತಿಳಿಯುತ್ತದೆ, ಬಾಯಿಗೆ ಬರುವುದು ಹಿಂದಿ.

“ಸೋನಾಲಿ ಬೇಟಾ, ಬೀಚಿಗೆ ಕ್ಯಾಮೆರಾ ಕೊಟ್ಟಾಂವ ನಾನು. ನಿಮ್ಮ ಅತ್ತಿ ನಿನ್ನ ಫೋಟೋ ಅಳಿಸಿಲ್ಲ. ಫೋಟೋ ಉಳಿಯೂ ಕಾರ್ಡ್ ಹಾಕೂದು ನಾ ಮರತೆ. ಮರತು ಅತ್ತಿ ಮ್ಯಾಲೆ ಹಾಕಿದೆ. ಅತ್ತಿದು ಏನೂ ತಪ್ಪಿಲ್ಲ.”

“ಅತ್ತೀ ನೇ ಕುಛ್ ನಹೀ ದಬಾಯಾ?” ಅತ್ತೆ ಏನೂ ಒತ್ತಲಿಲ್ಲವೇ?

“ಒತ್ತಿದ್ದಕ್ಕ ಏನೂ ಅಳಿಸಿಲ್ಲವ್ವ. ಅಳಿಸಾಕ ಅದರಾಗ ಏನೂ ಇರಲಿಲ್ಲ.”

ಆ ಕಡೆ ಕೂಸು ಏನೋ ಲೆಕ್ಕ ಹಾಕಿತು. “ಆಪ್ ಕೋ ಕಬ್ ಪತಾ ಚಲಾ?”

ನಿಮಗೆ ಯಾವಾಗ ಗೊತ್ತಾಯಿತು? ಹಾಶಿಮ ಭಾಯಿ ಇದೊಂದನ್ನು ಸೇವಂತಿಗೂ ಹೇಳಿರಲಿಲ್ಲ. ‘ಆಮೇಲೆ’ ಎಂದರೆ ಮುಗಿಯುತ್ತಿತ್ತು. ಆಮೇಲೆ ಎಂಬುದು ಸುಳ್ಳು ಕೂಡ ಅಲ್ಲ. ಅವರು ಕಣ್ಣೆತ್ತಿದರು. ಸೇವಂತಿ ಅವರನ್ನೇ ನೋಡುತ್ತಿದ್ದಳು.

“ಅವತ್ತs ಬೇಟಾ. ಮಧ್ಯಾಹ್ನ.”

“ತೋ ಫೋನ್ ಕರ್ ಕೇ ಬತಾನೇ ಕಾ ನಾ! ಹಮ್ ತೋ ಶಾಮ್ ತಕ್ ಉಧರ್ ಹೀ ಥೇ.” ಫೋನು ಮಾಡಿ ಹೇಳಬೇಕಿತ್ತಲ್ಲ, ಸಂಜೆಯವರೆಗೂ ನಾವು ಅಲ್ಲೇ ಇದ್ದೆವಲ್ಲ.

“ಅಂಜಿದೆ ಬೇಟಾ.”

“ಆಪ್ ತೋ ಬಡೇ ಹೋ ನಾ?” ಎಂದಿತು ಕೂಸು. ನೀವು ದೊಡ್ಡವರಲ್ಲವೇ? ಅದರಲ್ಲಿ ಸಿಟ್ಟಿರಲಿಲ್ಲ, ಕುಹಕವಿರಲಿಲ್ಲ. ತಿಳಿಯದೆ ಕೇಳಿದ ಪ್ರಶ್ನೆ. ಕೇಳಿಸಿಕೊಂಡ ಹಾಶಿಮ ಭಾಯಿಗೆ ಅರವತ್ತೊಂದು ವರ್ಷ.

ಸೇವಂತಿ ನಿಧಾನವಾಗಿ ಹೇಳಿದಳು. “ನೀವು ಫೋನ್ ಮಾಡಿದ್ರಿ. ಬ್ಯಾಟ್ರಿ ಅದೇನು ಅಂತ ಕೇಳಿದ್ರಿ.” ಒಂದೊಂದೇ ಮಾತನ್ನು ನೆನೆಸಿಕೊಂಡು ತೆಗೆಯುತ್ತಿದ್ದಳು. “ತಗಿ ಅಂದ್ರಿ.”

“ಹೌದವ್ವ.”

“ಆವಾಗ ಇನ್ನಾ ಬಿಸಿಲಿತ್ತಲ್ರಿ ಕಾಕಾ.”

ಹಾಶಿಮ ಭಾಯಿ ಕೈ ಜೋಡಿಸಿದರು. ಸೇವಂತಿ ಅದನ್ನು ನೋಡಿದಳೋ ಇಲ್ಲವೋ. ಫೋನಿನಿಂದ “ಅತ್ತೀ? ಅತ್ತೀ ಹೈ ಕ್ಯಾ ಉಧರ್?” ಎಂದು ದನಿ ಬರುತ್ತಿತ್ತು. ಎರಡೂವರೆ ತಿಂಗಳಲ್ಲಿ ಮೊದಲ ಸಲ. ಸೇವಂತಿ ಸ್ಪೀಕರ್ ಆರಿಸಿ ಫೋನನ್ನು ಕಿವಿಗೆ ಒತ್ತಿಕೊಂಡಳು. “ಇದ್ದೀನವ್ವಾ, ಇಲ್ಲೇ ಇದ್ದೀನಿ” ಎನ್ನುತ್ತ ಮನೆಯ ಕಡೆ ನಡೆದಳು. “ಹ್ಞಾಂ, ನನಗೆಲ್ಲಾ ನೆನಪದ. ಹೇಳ್ಲೇನು? ಮೊದಲ್ನೇ ಫೋಟೋ, ನೀ ಬೋಟಿನಾಗ ಬಗ್ಗಿ ನೀರು ಮುಟ್ಟಲಕತ್ತಿದ್ದಿ. ಚಪ್ಲಿ ಒಂದು ಕಳಚಿತ್ತು…” ಮುಂದಿನದು ಜನರ ಗದ್ದಲದಲ್ಲಿ ಹಾಶಿಮ ಭಾಯಿಗೆ ಕೇಳಿಸಲಿಲ್ಲ. ಅವಳು ಹಿಂದಿರುಗಿ ನೋಡಲಿಲ್ಲ.

ಈಗಲೂ ಅವಳು ದಿನಾ ಅದೇ ಮೆಟ್ಟಿಲಿಳಿದು ಹೋಗುತ್ತಾಳೆ, ಅಂಗಡಿಯ ಮುಂದೆ ನಿಲ್ಲುವುದಿಲ್ಲ. ಹಾಶಿಮ ಭಾಯಿ ಸ್ಟೂಲನ್ನು ಮತ್ತೆ ರಸ್ತೆಯ ಕಡೆ ತಿರುಗಿಸಿ ಕೂರುತ್ತಾರೆ. ಉಂಡಿಯನ್ನು ನಜ್ಮಾ ತಾವಿರುವ ಚಾಳಿನ ಮಕ್ಕಳಿಗೆ ಹಂಚಿದಳು, ಇವರು ಬಾಯಿಗೆ ಹಾಕಲಿಲ್ಲ. ಡಬ್ಬಿಯನ್ನು ಸೇವಂತಿ ಮರೆತದ್ದೋ ಬಿಟ್ಟುಹೋದದ್ದೋ ಅವರಿಗೆ ತಿಳಿದಿಲ್ಲ. ಕರೆದು ಕೇಳುವ ಮುಖವೂ ಇಲ್ಲ. ತೊಳೆದು ಒರೆಸಿ, ಅವಳಿಗೆ ಕೊಟ್ಟಿದ್ದ ಆ ಕ್ಯಾಮೆರಾದ ಪಕ್ಕದಲ್ಲೇ, ದಾರಿಯಲ್ಲಿ ಹೋಗುವವರಿಗೆ ಕಾಣುವಂತೆ ಹಲಗೆಯ ಮೇಲೆ ಇಟ್ಟಿದ್ದಾರೆ.